ಸಾಧುತ್ವವೂ ಗೋಡೆಯೂ

ಮಲೆನಾಡಿನ ತೋಟಗಳಲ್ಲಿ ಪೆಟ್ಟಿಗೆಯಿಟ್ಟು ಸಾಕುವ ತುಡುವೆ ಜೇನನ್ನು ಸಾಧುವೆಂದೂ, ಬಂಡೆಯ ಚಾಚಿನಲ್ಲಿಯೋ ಹೆಮ್ಮರದ ಕೊಂಬೆಯಲ್ಲಿಯೋ ತೂಗುವ ಹೆಜ್ಜೇನನ್ನು ಕ್ರೂರಿಯೆಂದೂ ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಎರಡೂ ಒಂದೇ ಕುಲಕ್ಕೆ ಸೇರಿದವು. ಎರಡಕ್ಕೂ ಹೂವೇ ಜೀವನಾಧಾರ. ಕುಟುಕಿದ ಚರ್ಮದಲ್ಲಿ ಕೊಂಡಿಯನ್ನು ಬಿಟ್ಟು ಪ್ರಾಣ ನೀಗುವ ವಿಧಿಯೂ ಎರಡಕ್ಕೂ ಸಮಾನ. ಹಾಗಿರುವಲ್ಲಿ ಒಂದಕ್ಕೆ ಶಾಂತಿಯನ್ನೂ ಮತ್ತೊಂದಕ್ಕೆ ಉಗ್ರತೆಯನ್ನೂ ಅನುಗ್ರಹಿಸಿದವರು ಯಾರು?

ತುಡುವೆಯ ವಾಸ ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಕಲ್ಲಿನ ಸಂದಿನಲ್ಲಿ. ಆ ಕತ್ತಲೆಯೊಳಗೆ ಒತ್ತೊತ್ತಾಗಿ ಹಲವು ಎರಿಗಳು. ಹೊರಕ್ಕೆ ಕಿರಿದಾದ ಬಾಗಿಲು. ಅದನ್ನು ಕಾಯಲು ಕೆಲವೇ ಹುಳುಗಳು ಸಾಕು. ಹೆಜ್ಜೇನಿಗಾದರೋ ಗೋಡೆಯಿಲ್ಲ, ಬಾಗಿಲಿಲ್ಲ. ಒಂದು ಮೀಟರಿಗೂ ಮಿಗಿಲಾಗಿ ಹರಡಬಲ್ಲ ಅದರ ಒಂಟಿ ಎರಿಯನ್ನೂ, ಅದರೊಳಗಿನ ಮರಿ ತುಪ್ಪಗಳನ್ನೂ ಬಿಸಿಲು ಮಳೆಗಳಿಂದ ಕಾಯುವುದು ಪದರಪದರವಾಗಿ ಕವಿದು ನಿಂತ ಹುಳುಗಳ ಮೈಯೇ. ಕಣಜವೊಂದು ಸುಳಿದರೆ ಸಾಲುಸಾಲಾಗಿ ಹೊಟ್ಟೆಯನ್ನೆತ್ತಿ, ಎರಿಯ ಮೇಲೆಲ್ಲ ಅಲೆಯೆದ್ದಂತೆ ತೋರಿಸಿ ಬೆದರಿಸುವುದೂ ಆ ಮೈಯೇ. ಥಾಯ್ಲೆಂಡಿನ ಜೇನುಗಳನ್ನು ಕುರಿತು ಥಾಮಸ್ ಸೀಲೀ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನವೂ ಆತ್ಮರಕ್ಷಣೆಯ ರೀತಿಗೂ ಗೂಡಿನ ರೀತಿಗೂ ಇರುವ ಈ ನಂಟನ್ನೇ ವಿವರಿಸುತ್ತದೆ. ಎಂದಮೇಲೆ ತುಡುವೆಯ ಸಾಧುತ್ವದಲ್ಲಿ ಪೊಟರೆಗೂ ಒಂದು ಪಾಲುಂಟು.

ಭಾಗವತದ ಹನ್ನೊಂದನೆಯ ಸ್ಕಂಧದ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಜೇನನ್ನೂ ಎಣಿಸಿ, ಎಲ್ಲೆಡೆಯಿಂದಲೂ ಸಾರವನ್ನು ಗ್ರಹಿಸುವುದನ್ನೂ ಕೂಡಿಟ್ಟು ಕೆಡಬಾರದೆಂಬುದನ್ನೂ ಅದರಿಂದ ಕಲಿತನು. ಯಾವ ಜೇನೆಂದು ಅವನು ವಿಚಾರಿಸಲಿಲ್ಲ; ಮನೆಯನ್ನೇ ತೊರೆದವನಿಗೆ ಮನೆಗಳ ಭೇದವೇಕೆ? ಸಂಸಾರಿಗಳಾದ ನಮಗಾದರೋ ಅದು ಬೇಕು. ಏಕೆಂದರೆ ಅಗುಳಿಯಿಕ್ಕಿದ ಮನೆಯೊಳಗೆ ಕುಳಿತವನ ತಾಳ್ಮೆಯನ್ನು ಶೀಲವೆಂದು ಹೊಗಳಿ, ಬಯಲಿನಲ್ಲಿ ಮಕ್ಕಳುಮರಿಗಳನ್ನು ಕಟ್ಟಿಕೊಂಡು ನಿಂತವನ ಸಿಟ್ಟನ್ನು ದುಶ್ಶೀಲವೆಂದು ಹಳಿಯುವ ಅಭ್ಯಾಸ ನಮಗೆ ಬಹಳ ಹಳೆಯದು.

ಹಾಗೆಂದು ಸದ್ಗುಣವೆಲ್ಲವೂ ಗೋಡೆಯ ದಾನವೆಂದರೆ ಅತಿಯಾದೀತು. ಕಾಟ ಮಿತಿಮೀರಿದಾಗ ತುಡುವೆಯೂ ಗೂಡನ್ನು ತೊರೆದು ಹೋಗುವುದುಂಟು. ಆ ಉಗ್ರ ಹೆಜ್ಜೇನೂ ಋತು ಕಳೆದೊಡನೆ ಎರಿಯನ್ನು ಬಿಟ್ಟು ದೂರಕ್ಕೆ ವಲಸೆಹೋಗುವುದು. ಸ್ವಭಾವನಿಯತವಾದ ಕರ್ಮವನ್ನು ಮಾಡುವವನಿಗೆ ಪಾಪವಂಟದೆನ್ನುವ ಗೀತೆಯ ಅಭಯ ಈ ಹುಳುಗಳಿಗೆ ಸಂಪೂರ್ಣವಾಗಿ ಸಲ್ಲುತ್ತದೆ. ಮನುಷ್ಯನಿಗೆ ಅದು ಅಷ್ಟು ಸುಲಭವಾಗಿ ಸಲ್ಲುವುದೆಂದು ನಾನು ಒಪ್ಪಲಾರೆ: ಬಯಲಲ್ಲಿ ನಿಂತವನಿಗೆ ಗೋಡೆಯೆತ್ತಿ ಕೊಡುವ ಸಾಮರ್ಥ್ಯ ತನಗಿದ್ದೂ ಕೊಡದೆ, ಅವನ ಸ್ವಭಾವವೇ ಕೆಟ್ಟದೆಂದು ತೀರ್ಪಿತ್ತವನು ಅವನ ಸಿಟ್ಟಿನಲ್ಲಿ ಪಾಲುಗಾರನೇ.