ನೇರನುಡಿ

2022ರ ಸೆಪ್ಟೆಂಬರ್ 6ರ ರಾತ್ರಿ ಆಹಾರ ಸಚಿವ ಉಮೇಶ ಕತ್ತಿ ಬೆಂಗಳೂರಿನಲ್ಲಿ ಹಠಾತ್ತನೆ ತೀರಿಕೊಂಡರು. ವಯಸ್ಸು 61. ಮರುದಿನ ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯಲ್ಲಿ ಜನ ಕೊನೆಯ ದರ್ಶನ ಪಡೆದರು. ಸ್ವಂತ ಊರು ಬೆಲ್ಲದ ಬಾಗೇವಾಡಿಯಲ್ಲಿ ಅಂತ್ಯಕ್ರಿಯೆ ಮುಗಿಯಿತು. ಆಗಿನ ಸಂತಾಪಗಳಲ್ಲಿ ಮತ್ತೆ ಮತ್ತೆ ಬಂದ ಪದ ‘ನೇರನುಡಿ’.

ನಿಧನವಾರ್ತೆ ಬರೆಯುವವರಿಗೆ ಇದು ಬಲು ಅನುಕೂಲದ ಪದ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪ್ರತ್ಯೇಕ ಉತ್ತರ ಕರ್ನಾಟಕದ ಮಾತನ್ನು ಮಂತ್ರಿಗಿರಿಯಲ್ಲಿ ಕೂತೂ ಆಡಿದ್ದು ಅದರಲ್ಲಿ ಅಡಗುತ್ತದೆ. ಟಿ.ವಿ., ಫ್ರಿಜ್, ಬೈಕು ಇದ್ದವರು ಬಿಪಿಎಲ್ ಕಾರ್ಡು ವಾಪಸು ಕೊಡಬೇಕೆಂದು 2021ರ ಫೆಬ್ರುವರಿಯಲ್ಲಿ ಹೇಳಿದ್ದೂ ಅಡಗುತ್ತದೆ. ಅದೇ ವರ್ಷದ ಏಪ್ರಿಲ್‌ನಲ್ಲಿ, ಕೋವಿಡ್ಡಿನ ನಡುವೆ, ರೇಷನ್ ಅಕ್ಕಿ ಯಾಕೆ ಇಳಿಸಿದಿರಿ, ನಾವು ಬದುಕೋದೋ ಸಾಯೋದೋ ಎಂದು ಫೋನಿನಲ್ಲಿ ಕೇಳಿದವರಿಗೆ ಸಾಯೋದೇ ವಾಸಿ ಎಂಬರ್ಥದ ಉತ್ತರ ಕೊಟ್ಟದ್ದೂ ಕೂಡ. ಆಮೇಲೆ ಅವರು ವಿಷಾದ ವ್ಯಕ್ತಪಡಿಸಿದರು, ಮುಖ್ಯಮಂತ್ರಿಯೂ ಆ ಮಾತು ಸರಿಯಲ್ಲ ಎಂದರು. ಸತ್ತ ಮರುದಿನ ಇದನ್ನು ಬರೆಯಬೇಕೇ?

ಬರೆದರೆ ಓದುವವರು ಯಾರು ಎಂಬುದರ ಮೇಲೆ ಅದು ಬೇರೆಯಾಗುತ್ತದೆ. ಹುಕ್ಕೇರಿ ತಾಲ್ಲೂಕಿನಲ್ಲಿ ಕರೆಂಟನ್ನೂ ಸಹಕಾರಿ ಸಂಘವೇ ಹಂಚುತ್ತದೆ. ಕಬ್ಬು, ಸಾಲ, ಸಂಘ, ಎಲ್ಲದರ ಎಳೆ ದೊಡ್ಡ ಮನೆಗಳ ಅಂಗಳಕ್ಕೇ ಹೋಗುತ್ತದೆ. ಕತ್ತಿಯವರನ್ನು ಎಂಟು ಸಲ ಆರಿಸಿದ ಊರು ಅದು. ಅಲ್ಲಿಯವನಿಗೆ ಅಕ್ಕಿಯ ಪ್ರಸ್ತಾಪ ಮನೆಯ ಶವದ ಮುಂದೆ ಪರರು ಬಂದು ಜಗಳ ತೆಗೆದಂತೆ. ಘಟಪ್ರಭೆಯ ಬಗಲಿನ ಗೋಕಾಕ, ಮೂಡಲಗಿ ಕಡೆ ಸಾವ್ಕಾರ್ರು ಅಂದರೆ ಜಾರಕಿಹೊಳಿ ಮನೆತನ. ಅಲ್ಲಿ ಅದೇ ಸುದ್ದಿಯನ್ನು ‘ಇನ್ನು ಮುಂದೆ ಯಾರು’ ಎಂದು ಓದುವವರೇ ಹೆಚ್ಚಿರಬೇಕು. ತಪ್ಪೇನಲ್ಲ. ತಂದೆ ವಿಶ್ವನಾಥ ಕತ್ತಿ ತೀರಿದ ಮೇಲೆ 1985ರಲ್ಲಿ ಉಮೇಶರು ಬಂದರು. ಅವರು ಹೋದ ಮೇಲೆ 2023ರಲ್ಲಿ ಮಗ ನಿಖಿಲ್ ಗೆದ್ದರು. ಇನ್ನು ಪಡಿತರದ ಅಂಗಡಿಯ ಮುಂದೆ ನಿಂತವಳಿಗೆ ಅಕ್ಕಿಯ ಆ ಒಂದು ಸಾಲು ಇಲ್ಲದ ನಿಧನವಾರ್ತೆ ತನ್ನನ್ನೇ ಅಳಿಸಿದಂತೆ ಕಾಣಬಹುದು.

ಇದರ ಇನ್ನೊಂದು ತುದಿಯನ್ನೂ ನಾವು ನೋಡಿದ್ದೇವೆ. 2014ರ ಆಗಸ್ಟ್ 22ರಂದು ಯು.ಆರ್. ಅನಂತಮೂರ್ತಿ ತೀರಿಕೊಂಡಾಗ ಕೆಲವೆಡೆ ಪಟಾಕಿ ಹೊಡೆದರು. ಅದನ್ನೂ ಪ್ರಾಮಾಣಿಕತೆ ಅಂದುಕೊಂಡವರಿದ್ದಾರೆ. ಆದರೆ ಪಟಾಕಿಗೆ ಒಂದೇ ಸದ್ದು. ‘ತುಂಬಲಾರದ ನಷ್ಟ’ಕ್ಕೂ ಒಂದೇ. ಎರಡರಲ್ಲೂ ಸತ್ತ ಮನುಷ್ಯ ಕಾಣುವುದಿಲ್ಲ.

ನನಗೆ ನೆನಪಾಗುವುದು ನಮ್ಮ ಕಡೆಯ ಹೆಂಗಸರು ಹಾಡ್ಯಾಡಿ ಅಳುವ ರೀತಿ. ಹೆಣದ ಮುಂದೆ ಕೂತು, ತಲೆಗೆ ಸೆರಗು ಎಳೆದುಕೊಂಡು, ರಾಗ ಎತ್ತಿ ಅಳುತ್ತಾರೆ. ಅದರಲ್ಲಿ ಹೊಗಳಿಕೆಯಷ್ಟೇ ದೂರೂ ಇರುತ್ತದೆ. ಹೊಲ ಒತ್ತಿ ಇಟ್ಟು ಹೋದೆಲ್ಲಾ, ಮಗಳ ಮದುವಿ ಮರತು ಹೋದೆಲ್ಲಾ, ಕುಡಿಬ್ಯಾಡಂದ್ರ ಕೇಳಲಿಲ್ಲಲ್ಲೋ. ಕೇಳಿದವರು ಯಾರೂ ‘ಸತ್ತವರ ಬಗ್ಗೆ ಹಿಂಗ್ ಅನಬಾರದು’ ಎನ್ನುವುದಿಲ್ಲ. ಬದಲಿಗೆ ಪಕ್ಕದವಳು ಮೂಗು ಒರೆಸಿಕೊಂಡು ದನಿ ಕೂಡಿಸುತ್ತಾಳೆ. ಇಡೀ ಊರೆದುರು ಒಬ್ಬ ಮನುಷ್ಯನ ಜಮಾ-ಖರ್ಚು ಓದಿದಂತಿರುತ್ತದೆ, ಆದರೂ ಅದು ಅಳುವೇ.

ಅಲ್ಲಿ ಒಪ್ಪುವುದು ಪತ್ರಿಕೆಯಲ್ಲಿ ಯಾಕೆ ಒಪ್ಪುವುದಿಲ್ಲ? ವ್ಯಾಕರಣದಲ್ಲೇ ಕಾರಣ ಇದೆಯೇನೋ. ಅಳುವವಳು ‘ನೀ’ ಎನ್ನುತ್ತಾಳೆ, ಸತ್ತವನ ಜೊತೆ ಮಾತಾಡುತ್ತಾಳೆ. ಪತ್ರಿಕೆ ‘ಅವರು’ ಎನ್ನುತ್ತದೆ, ಸತ್ತವರ ಬಗ್ಗೆ ನಮ್ಮೊಡನೆ ಮಾತಾಡುತ್ತದೆ. ದೂರಲು ಸಲಿಗೆ ಬೇಕು, ಸಲಿಗೆಗೆ ಸಂಬಂಧ ಬೇಕು. ಹಾಗೆಂದು ಅಲ್ಲಿಗೆ ಮಾತು ನಿಲ್ಲಿಸಲೂ ಮನಸ್ಸು ಒಪ್ಪದು. ಅನ್ನದ ಖಾತೆಯ ಮಂತ್ರಿಗೆ ಅಕ್ಕಿ ಕೇಳಿ ಫೋನು ಮಾಡಿದವನದೂ ಒಂದು ಸಂಬಂಧವೇ ತಾನೆ? ಅವನ ಪಾಲಿನ ದೂರನ್ನು ಪತ್ರಿಕೆಯಲ್ಲದೆ ಯಾರು ಹಾಡಿ ಅಳಬೇಕು?

ಈಗ ಹಾಡ್ಯಾಡಿ ಅಳುವವರು ಕಡಿಮೆ. ಯಾರು ಹೋದರೂ ಸರ್ಕಲ್ಲಿನಲ್ಲಿ ಸಂಜೆಯೊಳಗೆ ಫ್ಲೆಕ್ಸ್ ಏಳುತ್ತದೆ: ದೊಡ್ಡ ಫೋಟೊ, ಕೆಳಗೆ ಸಾಲು ಸಾಲು ಸಣ್ಣ ಫೋಟೊ, ಬಿರುದುಗಳೆಲ್ಲ ಬಹುವಚನದಲ್ಲಿ. ತುದಿಯಲ್ಲಿ ‘ಮತ್ತೆ ಹುಟ್ಟಿ ಬಾ’. ಆ ‘ಬಾ’ ಒಂದೇ ಏಕವಚನದಲ್ಲಿ ಉಳಿದಿದೆ.