ಸೋತವನು ಹೊರಹೋಗುವ ಬಾಗಿಲು

ಗೋಲಿ ಆಡದೆ ಬೆಳೆದ ಹುಡುಗರು ನಮ್ಮ ಮೊಹಲ್ಲಾದಲ್ಲಿ ಇರಲಿಲ್ಲ. ಆದರೆ ಗೋಲಿಯಿಂದ ಒಂದು ದೇಶದ ಅಧ್ಯಕ್ಷನನ್ನು ಆರಿಸುತ್ತಾರೆಂದು ಮೊದಲ ಸಲ ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾದಲ್ಲಿ 1960ರ ದಶಕದಲ್ಲಿ ಈ ಪದ್ಧತಿ ಬಂತು. ಓದು ಬಾರದವರೇ ಹೆಚ್ಚಾಗಿದ್ದ ಕಾಲಕ್ಕೆ ಕಂಡುಕೊಂಡ ಉಪಾಯ. ಪ್ರತಿ ಅಭ್ಯರ್ಥಿಗೂ ಒಂದು ತಗಡಿನ ಡ್ರಮ್ಮು, ಅದಕ್ಕೆ ಅವನ ಪಕ್ಷದ ಬಣ್ಣ, ಜೊತೆಗೆ ಅವನ ಫೋಟೋ. ಮತದಾರ ತನ್ನ ಕೈಯ ಗಾಜಿನ ಗೋಲಿಯನ್ನು ಕೊಳವೆಯೊಳಗೆ ಬಿಟ್ಟರೆ ಒಳಗಿನ ಗಂಟೆ ಟಿಣ್ಣೆನ್ನುತ್ತದೆ. ಎರಡು ಸಲ ಟಿಣ್ಣೆಂದರೆ ಮೋಸ ನಡೆದಿದೆ ಎಂದರ್ಥ. ಗಂಟೆಯ ಸದ್ದಿಗೆ ಗೊಂದಲವಾಗಬಾರದೆಂದು ಮತಗಟ್ಟೆಯ ಬಳಿ ಸೈಕಲ್ಲುಗಳನ್ನೂ ಬಿಡುತ್ತಿರಲಿಲ್ಲ. ಎಣಿಸುವುದಕ್ಕೆ ಗುಳಿಗಳಿರುವ ಹಲಗೆ. ಎಲ್ಲರ ಕಣ್ಣೆದುರಿಗೇ ಗುಳಿಗಳು ತುಂಬುತ್ತವೆ.

ಮತಪತ್ರವೋ ಯಂತ್ರವೋ ಎಂದು ನಾವು ಇಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತೇವೆ. ಆ ವಾದ ಬೇಡವೆಂದಲ್ಲ. ಆದರೆ ಗ್ಯಾಂಬಿಯಾದಲ್ಲಿ 2016ರ ಡಿಸೆಂಬರ್ 1ರಂದು ಗೋಲಿಗಳು ನಿಜವನ್ನೇ ಹೇಳಿದವು. ಕಷ್ಟ ಶುರುವಾದದ್ದು ಆಮೇಲೆ.

1994ರ ಜುಲೈಯಲ್ಲಿ ಸೈನಿಕ ಕ್ರಾಂತಿ ಮಾಡಿ ಗದ್ದುಗೆ ಹಿಡಿದಿದ್ದ ಯಾಹ್ಯಾ ಜಮ್ಮೆ ಅಂದು ಸೋತಿದ್ದ. ಅಲ್ಲಾಹನು ಬಯಸಿದರೆ ನೂರು ಕೋಟಿ ವರ್ಷ ಆಳುತ್ತೇನೆಂದು 2011ರಲ್ಲಿ ಬಿಬಿಸಿಗೆ ಹೇಳಿದವನು. 2015ರಲ್ಲಿ ದೇಶವನ್ನು ಇಸ್ಲಾಮಿಕ್ ಗಣರಾಜ್ಯವೆಂದು ಸಾರಿದ್ದವನೂ ಅವನೇ. ಗೆದ್ದವರು ವಿರೋಧ ಪಕ್ಷಗಳ ಕೂಟದ ಆದಮಾ ಬಾರೋ. ಒಂದು ಕಾಲದಲ್ಲಿ ಲಂಡನ್ನಿನ ಅಂಗಡಿಯೊಂದರಲ್ಲಿ ಕಾವಲುಗಾರರಾಗಿದ್ದವರು. ಮರುದಿನ ಜಮ್ಮೆ ಟಿವಿ ಕ್ಯಾಮೆರಾದ ಮುಂದೆ ಕೂತು ಬಾರೋಗೆ ಫೋನ್ ಮಾಡಿದ, ನಗುತ್ತಾ ಅಭಿನಂದಿಸಿದ. ಜನ ಬೀದಿಗಿಳಿದು ಕುಣಿದರು. ಡಿಸೆಂಬರ್ 9ರಂದು ಅದೇ ಟಿವಿಯಲ್ಲಿ ಮತ್ತೆ ಕಾಣಿಸಿಕೊಂಡು, ಫಲಿತಾಂಶವನ್ನು ನಾನು ಒಪ್ಪುವುದಿಲ್ಲ ಎಂದ.

ಆ ಒಂದು ವಾರದಲ್ಲಿ ಏನಾಯಿತು? ಚುನಾವಣಾ ಆಯೋಗ ತನ್ನ ಲೆಕ್ಕದಲ್ಲಿ ತಿದ್ದುಪಡಿ ಮಾಡಿತ್ತು. ಗೆಲುವಿನ ಅಂತರ ಸುಮಾರು 19 ಸಾವಿರಕ್ಕೆ ಇಳಿದಿತ್ತು, ಗೆದ್ದವರು ಬದಲಾಗಿರಲಿಲ್ಲ. ನನ್ನ ಮಟ್ಟಿಗೆ ಅದು ನೆಪ. ಆ ದಿನಗಳಲ್ಲೇ ಕೂಟದ ನಾಯಕಿಯೊಬ್ಬರು ವಿದೇಶಿ ಪತ್ರಿಕೆಯೊಂದಕ್ಕೆ, ಜಮ್ಮೆಯ ಮೇಲೆ ಮೊಕದ್ದಮೆ ನಡೆಸುತ್ತೇವೆ ಎಂದಿದ್ದರು. ಆ ಹೆಂಗಸು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು ಎಂದವರು ಹಲವರು.

ಇರಬಹುದು. ಆದರೆ 2004ರ ಡಿಸೆಂಬರಿನಲ್ಲಿ ಪತ್ರಿಕಾ ಸಂಪಾದಕ ಡೇಡಾ ಹೈದರಾ ಗುಂಡಿಗೆ ಬಲಿಯಾಗಿದ್ದರು. 2016ರ ಏಪ್ರಿಲ್‌ನಲ್ಲಿ, ಅಂದರೆ ಚುನಾವಣೆಗೆ ಎಂಟು ತಿಂಗಳಷ್ಟೇ ಮೊದಲು, ಚುನಾವಣಾ ಸುಧಾರಣೆ ಕೇಳಿ ಬೀದಿಗಿಳಿದ ಸೋಲೋ ಸಾಂಡೆಂಗ್ ಬಂಧನದಲ್ಲೇ ಸತ್ತರು. ಶಾಂತಿಗಾಗಿ ಸ್ವಲ್ಪ ಸುಮ್ಮನಿರಿ ಎಂದು ಅವರ ಮನೆಯವರಿಗೆ ಯಾರು ಹೇಳಬೇಕು?

ಹೊಸ ಪ್ರಜಾಪ್ರಭುತ್ವಗಳ ನಿಜವಾದ ಕಗ್ಗಂಟು ಇಲ್ಲಿದೆ ಎಂದು ನನಗನ್ನಿಸುತ್ತದೆ. ಸೋತರೆ ಮನೆಗೆ ಹೋಗುವವನಿಗೆ ಸೋಲು ಒಂದು ಬೇಸರ. ಸೋತರೆ ಜೈಲಿಗೆ ಹೋಗುವವನು ಮತಪೆಟ್ಟಿಗೆಯನ್ನು ಯಾಕೆ ಗೌರವಿಸಿಯಾನು? ಅವನಿಗೆ ಬಾಗಿಲು ತೆರೆದಿಟ್ಟರೆ ಸತ್ತವರಿಗೆ ದ್ರೋಹ. ಮುಚ್ಚಿದರೆ ಬದುಕಿರುವವರ ಮೇಲೆ ಗುಂಡು.

ಗ್ಯಾಂಬಿಯಾ ಬಾಗಿಲು ತೆರೆಯಿತು. ತೆರೆಸಿತು ಎನ್ನುವುದೇ ಸರಿ. 2017ರ ಜನವರಿ 19ರಂದು ಬಾರೋ ತಮ್ಮ ದೇಶದಲ್ಲಿ ಅಲ್ಲ, ಸೆನೆಗಲ್‌ನ ಡಾಕಾರ್‌ನಲ್ಲಿದ್ದ ತಮ್ಮ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ತೆಗೆದುಕೊಂಡರು. ನೆರೆಯ ದೇಶಗಳ ಒಕ್ಕೂಟದ ಸೇನೆ ಗಡಿ ದಾಟಿತು. ಇನ್ನೊಂದು ಕಡೆ ಸಂಧಾನ ನಡೆಯಿತು. ಜಮ್ಮೆಯ ಘನತೆಗೂ ಭದ್ರತೆಗೂ ಧಕ್ಕೆ ಬಾರದೆಂಬ ಜಂಟಿ ಹೇಳಿಕೆ ವಿಶ್ವಸಂಸ್ಥೆ, ಆಫ್ರಿಕನ್ ಒಕ್ಕೂಟಗಳ ಹೆಸರಿನಲ್ಲಿ ಹೊರಬಂತು. 21ರ ರಾತ್ರಿ ಅವನು ವಿಮಾನ ಹತ್ತಿ ಇಕ್ವಟೋರಿಯಲ್ ಗಿನಿಗೆ ಹೋದ. ಅವನ ಐಷಾರಾಮಿ ಕಾರುಗಳೂ ವಿಮಾನದಲ್ಲೇ ಹೋದವು. ರಕ್ತ ಹರಿಯಲಿಲ್ಲ. ಇದು ಸಣ್ಣ ಮಾತಲ್ಲ.

ಆದರೂ ಮದರಸಾದಲ್ಲಿ ಉಸ್ತಾದರು ಹೇಳಿಕೊಟ್ಟ ಒಂದು ಪಾಠ ನನ್ನನ್ನು ಕಾಡುತ್ತದೆ. ದೇವರ ಹಕ್ಕಿನಲ್ಲಿ ತಪ್ಪಿದ್ದನ್ನು ದೇವರು ಕ್ಷಮಿಸಬಹುದು. ಮನುಷ್ಯರ ಹಕ್ಕು, ಹುಕೂಕುಲ್ ಇಬಾದ್, ಕಳೆದುಕೊಂಡವನೇ ಕ್ಷಮಿಸಬೇಕು. ಅವನ ಪರವಾಗಿ ಸಹಿ ಹಾಕುವ ಅಧಿಕಾರ ಯಾವ ಒಕ್ಕೂಟಕ್ಕೂ ಇಲ್ಲ.

ಗ್ಯಾಂಬಿಯಾದ ಜನ ಹಾಗೆ ಸಹಿ ಹಾಕಿ ಕೂತುಬಿಡಲಿಲ್ಲ ಎನ್ನುವುದು ಸಮಾಧಾನ. ಸತ್ಯಶೋಧನಾ ಆಯೋಗ ಬಹಿರಂಗವಾಗಿ ಸಾಕ್ಷಿ ಕೇಳಿ 2021ರಲ್ಲಿ ವರದಿ ಕೊಟ್ಟಿತು. ಹೈದರಾ ಕೊಲೆಯಲ್ಲಿ ಭಾಗಿಯಾಗಿದ್ದ ಚಾಲಕನಿಗೆ 2023ರಲ್ಲಿ ಜರ್ಮನಿಯ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಜಮ್ಮೆಯ ಗೃಹಮಂತ್ರಿಯಾಗಿದ್ದವನಿಗೆ 2024ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 20 ವರ್ಷ. ಅದೇ ವರ್ಷದ ಕೊನೆಗೆ ಆ ಕಾಲದ ಅಪರಾಧಗಳ ವಿಚಾರಣೆಗೆ ವಿಶೇಷ ನ್ಯಾಯಮಂಡಳಿಯನ್ನು ನೆರೆದೇಶಗಳ ಒಕ್ಕೂಟವೇ ಒಪ್ಪಿತು. ಆದರೆ ಇದನ್ನೆಲ್ಲ ನೋಡುತ್ತಿರುವ ಇನ್ನೊಬ್ಬ ಸರ್ವಾಧಿಕಾರಿ ಮುಂದಿನ ಸಲ ಸೋತಾಗ ಯಾರ ಮಾತು ನಂಬಿ ವಿಮಾನ ಹತ್ತುತ್ತಾನೆ? ಕುರ್ಚಿಯ ರುಚಿ ಬಾರೋ ಅವರಿಗೂ ಹತ್ತಿತು. ಮೂರೇ ವರ್ಷ ಎಂದು ಮಾತು ಕೊಟ್ಟಿದ್ದವರು ಐದು ವರ್ಷ ಪೂರೈಸಿದರು. ಎರಡೇ ಅವಧಿ ಎಂಬ ಮಿತಿಯಿದ್ದ ಹೊಸ ಸಂವಿಧಾನದ ಕರಡು 2020ರಲ್ಲಿ ಸಂಸತ್ತಿನಲ್ಲಿ ಬಿದ್ದುಹೋಯಿತು.

ದೂರದವರಿಗೆ ಬುದ್ಧಿ ಹೇಳುವುದು ಸುಲಭ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಸಣ್ಣದೊಂದು ಬಡ್ಡಿರಹಿತ ಸಾಲದ ಸಂಘದ ಚುನಾವಣೆಯಲ್ಲಿ ಕಾರ್ಯದರ್ಶಿ ಸೋತರು. ಬೀರುವಿನ ಬೀಗದ ಕೈ ಕೊಡಲಿಲ್ಲ. ಲೆಕ್ಕ ಕೇಳುತ್ತೀರಿ, ಬೀದಿಯಲ್ಲಿ ಮಾನ ಕಳೆಯುತ್ತೀರಿ ಎಂಬುದು ಅವರ ಭಯ. ನಾಲ್ಕು ಜನ ಹಿರಿಯರು ಅವರ ಮನೆಗೆ ಹೋಗಿ, ಹಳೆಯ ಹಿಸಾಬು ಕೆದಕುವುದಿಲ್ಲ ಎಂದು ಮಾತು ಕೊಟ್ಟರು. ಜೊತೆಗೆ ಹೋಗಿದ್ದ ನಾನೂ ತಲೆಯಾಡಿಸಿದೆ. ಚಹಾ ಬಂತು, ಕುಡಿದೆವು. ಕೈ ಸಿಕ್ಕಿತು. ಬೀರು ತೆರೆದಾಗ ಒಬ್ಬ ವಿಧವೆ ಅಡವಿಟ್ಟಿದ್ದ ಎರಡು ಬಳೆಗಳು ಇರಲಿಲ್ಲ.

ಆಕೆ ನಮ್ಮ ಮನೆಗೆ ಬಂದು ಹೊಸ್ತಿಲಲ್ಲೇ ನಿಂತರು. "ಭಾಯಿ, ಅವರನ್ನು ಮಾಫ್ ಮಾಡಿದಿರಂತೆ. ಬಳೆ ನಂದಲ್ವಾ?" ಎಂದರು. ಒಳಗೆ ಬನ್ನಿ ಎಂದೆ. ಬರಲಿಲ್ಲ.