ಮರೆಯುವ ಹಕ್ಕು ಯಾರದು?

ಚುನಾವಣೆ ಬಂದಿತು, ಹೋಯಿತು. 2024ರ ಮೇ 7ರಂದು ಬೀದರ ಲೋಕಸಭಾ ಕ್ಷೇತ್ರದಲ್ಲಿ ಮತದಾನವಾಯಿತು. ಜೂನ್ 4ರಂದು ಎಣಿಕೆಯೂ ಮುಗಿಯಿತು. ಗೆದ್ದವರು ದಿಲ್ಲಿಗೆ ಹೋದರು, ಸೋತವರು ಮನೆಗೆ ಹೋದರು. ಆದರೆ ಭಾಲ್ಕಿಯಲ್ಲಿ ನನ್ನ ಕಾಕಾನ ಮಕ್ಕಳಿಬ್ಬರ ನಡುವೆ ಆಗ ನಿಂತುಹೋದ ಮಾತು ಮಾತ್ರ ಇನ್ನೂ ಮೊದಲಿನಂತಾಗಿಲ್ಲ. ಒಂದೇ ಅಂಗಳದ ಎರಡು ಬಾಗಿಲುಗಳಲ್ಲಿ ಇರುವವರು ಅವರು. ಮೊದಲೆಲ್ಲ ಸಂಜೆಯ ಚಹಾ ಒಂದೇ ಕಟ್ಟೆಯ ಮೇಲೆ ಆಗುತ್ತಿತ್ತು. ಈಗ ಎರಡು ಕಡೆ ಒಲೆ ಹೊತ್ತುತ್ತದೆ.

ಜಗಳ ಆದದ್ದು ಮತದಾನದ ಹಿಂದಿನ ರಾತ್ರಿ. ನಮ್ಮ ಕಡೆಯ ಮೇ ತಿಂಗಳ ಸೆಕೆಯನ್ನು ಬಲ್ಲವರು ಬಲ್ಲರು. ಊಟ ಮುಗಿಸಿ ಎಲ್ಲರೂ ಮಾಳಿಗೆಯ ಮೇಲೆ ಕುಳಿತಿದ್ದೆವು. ಯಾರಿಗೆ ಮತ ಎಂಬುದರಿಂದ ಮಾತು ಶುರುವಾಗಿ ಎಲ್ಲಿಗೋ ಹೋಯಿತು. ದೊಡ್ಡವನು, "ನಲವತ್ತೆಂಟರಾಗ ನಮ್ಮ ಮಂದಿಗೆ ಏನ್ ಆಗ್ಯಾದ ಗೊತ್ತದಾ ನಿನಗ? ಗೋರಟಾ ಮರ್ತಿ ಏನು?" ಎಂದ. ಸಣ್ಣವನು, "ಎಪ್ಪತ್ತೈದು ವರ್ಷದ ಹಿಂದಿಂದು ಈಗ್ಯಾಕ ಕೆದರ್ತಿ ಅಣ್ಣಾ? ಅದನ್ನ ಮರೆತ್ರೇ ಊರು ಉಳೀತದ" ಎಂದ. ಇಬ್ಬರೂ ಕೊನೆಗೆ ನನ್ನ ಕಡೆ ತಿರುಗಿದರು. "ನೀ ಕಾಲೇಜಿನಾಗ ಪಾಠ ಹೇಳಾಂವ. ನೀನೇ ಹೇಳು ತಮ್ಮಾ."

ನಾನು ಹೇಳಲಿಲ್ಲ. ಹೇಳಲು ನನಗೆ ಗೊತ್ತಿರಲಿಲ್ಲ ಎಂಬುದು ನಿಜವಾದ ಕಾರಣ; ತಟಸ್ಥನಾಗಿರಬೇಕು ಎಂಬುದು ಆಮೇಲೆ ನಾನು ಹುಡುಕಿಕೊಂಡ ಕಾರಣ.

ನನ್ನ ಅಜ್ಞಾನಕ್ಕೆ ಒಂದು ಚರಿತ್ರೆಯಿದೆ. ಶಾಲೆಯಲ್ಲಿ ನಾವು ಓದಿದ ಬೀದರ ಬಹಮನಿ ಸುಲ್ತಾನರದು. 1472ರಲ್ಲಿ ಮುಗಿದ ಮಹಮೂದ ಗವಾನನ ಮದರಸಾ ಗೊತ್ತು. ಅದಕ್ಕೂ ಹಿಂದಿನ, ಹನ್ನೆರಡನೆಯ ಶತಮಾನದ ಕಲ್ಯಾಣದ ಕ್ರಾಂತಿಯಂತೂ ನಮ್ಮ ಮನೆಮಾತು. ಬಿಜ್ಜಳನ ಕೊಲೆಯ ವಿಚಾರವಾಗಿ ನಾವು ಇಂದಿಗೂ ಎರಡು ಪಂಗಡಗಳಾಗಿ ವಾದಿಸಬಲ್ಲೆವು. ಅಲ್ಲಿಂದ ಪುಸ್ತಕ ಒಂದೇ ಹಾರಿಗೆ 1956ರ ನವೆಂಬರ್ 1ಕ್ಕೆ ಬರುತ್ತಿತ್ತು. ಎಂಟುನೂರು ವರ್ಷದ ಹಿಂದಿನ ರಕ್ತ ನೆನಪಿದೆ, ನಮ್ಮ ಮುತ್ಯಾನ ಕಣ್ಣೆದುರಿನದು ನೆನಪಿಲ್ಲ. ಇದು ವಿಚಿತ್ರವಲ್ಲವೆ?

1956 ಬಂದಾಗ ಇನ್ನೊಂದು ಸಂಗತಿ ನಡೆಯಿತು. ಅದರ ಪರಿಣಾಮವನ್ನು ನಾವು ಅಷ್ಟಾಗಿ ಯೋಚಿಸಿದಂತಿಲ್ಲ. ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ. ಮೂವರೂ ತಮ್ಮ ತಮ್ಮ ಭಾಷೆಯ ಚರಿತ್ರೆ ಬರೆದುಕೊಂಡರು. ಮೂವರಿಗೂ ಸೇರಿದ್ದ ಆ ಹಿಂದಿನ ಹತ್ತು ವರ್ಷಗಳು ಯಾರ ಪಾಲಿಗೂ ಬರಲಿಲ್ಲ. ಮೇಲಾಗಿ ಆ ಕಾಲದ ಕಚೇರಿಯ ಕಾಗದವೆಲ್ಲ ಉರ್ದು. ನಮ್ಮ ಮುತ್ಯಾ ಕಲಿತದ್ದು ಉರ್ದು ಶಾಲೆಯಲ್ಲಿ. ಹೊಲದ ಲೆಕ್ಕ, ನೆಂಟರಿಗೆ ಪತ್ರ, ಎಲ್ಲವನ್ನೂ ಅವನು ಆ ಲಿಪಿಯಲ್ಲಿಯೇ ಬರೆಯುತ್ತಿದ್ದ. ಕನ್ನಡದಲ್ಲಿ ಎಂ.ಎ. ಮಾಡಿದ ನಾನು ಹಳಗನ್ನಡದ ಶಾಸನವನ್ನು ತಡವರಿಸುತ್ತಲಾದರೂ ಓದಬಲ್ಲೆ. ನನ್ನ ಸ್ವಂತ ಮುತ್ಯಾನ ಕೈಬರಹವನ್ನು ಓದಲಾರೆ.

ಆ ರಾತ್ರಿಯ ನಾಚಿಕೆಯಿಂದಾಗಿ ಮುಂದಿನ ಕೆಲವು ತಿಂಗಳು ಸಿಕ್ಕಷ್ಟು ಓದಿದೆ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಹೈದರಾಬಾದ ಸಂಸ್ಥಾನ ಸೇರಲಿಲ್ಲ. ನವೆಂಬರ್ 29ಕ್ಕೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನೊಡನೆ ಯಥಾಸ್ಥಿತಿ ಒಪ್ಪಂದವಾಯಿತು. ಒಪ್ಪಂದ ಕಾಗದದ ಮೇಲೆ. ಊರುಗಳಲ್ಲಿ ಕಾಸಿಂ ರಜವಿಯ ರಜಾಕಾರರು. 1948ರ ಮೇ ತಿಂಗಳಲ್ಲಿ ಗೋರಟಾದಲ್ಲಿ ಅವರು ನಡೆಸಿದ ಕಗ್ಗೊಲೆ ಕಟ್ಟುಕತೆಯಲ್ಲ. ದೊಡ್ಡವನ ಸಿಟ್ಟಿಗೆ ಆಧಾರವಿದೆ. ಗೋರಟಾದ ಮೃತರಿಗೆ ಅಲ್ಲಿನ ದೊಡ್ಡ ಸ್ಮಾರಕ ಉದ್ಘಾಟನೆಯಾದದ್ದು 2023ರ ಮಾರ್ಚಿನಲ್ಲಿ. ಎಪ್ಪತ್ತೈದು ವರ್ಷ ಆ ಮನೆಗಳವರು ಕಾದರು. "ಮರೆತುಬಿಡಿ" ಎಂದು ಅವರಿಗೆ ಹೇಳುವ ಅಧಿಕಾರ ಭಾಲ್ಕಿಯ ಮಾಳಿಗೆಯ ಮೇಲೆ ಗಾಳಿಗೆ ಕುಳಿತ ಯಾರಿಗೂ ಇಲ್ಲ.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂದಿತು, 17ಕ್ಕೆ ನಿಜಾಮ ಶರಣಾದ. ನಮ್ಮ ಹಿರಿಯರು ಇಂದಿಗೂ ಅದನ್ನು ಪೋಲೀಸ್ ಆಕ್ಷನ್ ಎನ್ನುತ್ತಾರೆ. ಆ ದಿನವನ್ನು ನಾವು ವಿಮೋಚನಾ ದಿನವೆಂದು ಆಚರಿಸುತ್ತೇವೆ. 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ. ವಿಮೋಚನೆ ಎಂಬ ಮಾತಿನ ಬಗ್ಗೆ ನನಗೆ ತಕರಾರಿಲ್ಲ. ರಜಾಕಾರರಿಂದ ಬಿಡುಗಡೆ ಬೇಕಾದವರು ಹಿಂದೂಗಳು ಮಾತ್ರವೇ ಆಗಿರಲಿಲ್ಲ. ಭಾರತದೊಡನೆ ಸೇರಬೇಕೆಂದು ಬರೆದುದಕ್ಕಾಗಿ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಮುಸಲ್ಮಾನ.

ಆದರೆ 17ನೆಯ ತಾರೀಖಿನಿಂದ ಮುಂದಕ್ಕೆ ಏನಾಯಿತು? ಇಲ್ಲಿ ನಮ್ಮ ದನಿ ಇಳಿಯುತ್ತದೆ. ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡ ಆ ವರ್ಷದ ಕೊನೆಗೆ ಸಂಸ್ಥಾನದಲ್ಲಿ ಸುತ್ತಾಡಿ ವರದಿ ಬರೆಯಿತು. ಆಕ್ಷನ್ನಿನ ವೇಳೆಗೂ ಅದರ ತರುವಾಯವೂ ಸತ್ತವರು, ಹೆಚ್ಚಾಗಿ ಮುಸಲ್ಮಾನರು, 27,000ದಿಂದ 40,000 ಎಂದು ಅವರ ಅಂದಾಜು. ಹೆಚ್ಚು ಹಾನಿಯಾದ ಜಿಲ್ಲೆಗಳೆಂದು ಅವರು ಹೇಳಿದ ನಾಲ್ಕು: ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ಪ್ರಾಣಕ್ಕೆ ಅಂಜದೆ ನೆರೆಯವರನ್ನು ಕಾಪಾಡಿದ ಹಿಂದೂಗಳ ಮಾತೂ ಅದೇ ವರದಿಯಲ್ಲಿದೆ. ರಜಾಕಾರರ ಕ್ರೌರ್ಯದ ಮಾತೂ ಇದೆ. ಸಂಖ್ಯೆಯನ್ನು ಆಗಲೂ ಒಪ್ಪದವರಿದ್ದರು, ಈಗಲೂ ಇದ್ದಾರೆ. ಅಂದಾಜು ಅಂದಾಜೇ. ಸರಕಾರ ವರದಿಯನ್ನು ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಸಾಮಾನ್ಯ ಓದುಗನ ಕೈಗೆ ಸಿಗಲಿಲ್ಲ.

ಇಷ್ಟು ಓದಿದ ಮೇಲೆ ನನಗೆ ಒಂದು ಹಂಡೆ ನೆನಪಾಯಿತು.

ಔರಾದ ತಾಲ್ಲೂಕಿನ ನಮ್ಮ ಊರಿನ ಮನೆಯಲ್ಲಿ ಒಂದು ದೊಡ್ಡ ತಾಮ್ರದ ಹಂಡೆಯಿದೆ. ನಾಲ್ಕು ಕೊಡ ನೀರು ಹಿಡಿಯುತ್ತದೆ. ನಮ್ಮ ಮನೆತನದ ಮದುವೆಗಳಿಗೆಲ್ಲ ನೀರು ಕಾದದ್ದು ಅದರಲ್ಲಿ. ಮದುಮಗನಾಗಿ ನಾನು ಅರಿಷಿಣ ತೊಳೆದುಕೊಂಡದ್ದೂ ಅದೇ ನೀರಿನಿಂದ. ಅದರ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಉರ್ದು ಅಕ್ಷರಗಳಿವೆ. ಹುಡುಗನಾಗಿದ್ದಾಗ ಅದು ಕಂಚುಗಾರನ ಅಲಂಕಾರವೆಂದು ತಿಳಿದಿದ್ದೆ.

ಮಳೆಗಾಲದಲ್ಲಿ ಊರಿಗೆ ಹೋದಾಗ ಆಯಿಯನ್ನು ಕೇಳಿದೆ. ತೊಂಬತ್ತು ದಾಟಿದರೂ ಅವಳ ನೆನಪು ಗಟ್ಟಿ. ಯಾವ ಎತ್ತನ್ನು ಎಷ್ಟಕ್ಕೆ ಕೊಂಡದ್ದೆಂದು ಇಂದಿಗೂ ಹೇಳುತ್ತಾಳೆ. "ಈ ಹಂಡೆ ಎಲ್ಲಿಂದು ಆಯಿ?" ಎಂದೆ. ಅವಳು ಸ್ವಲ್ಪ ಹೊತ್ತು ಕೈಯಲ್ಲಿದ್ದ ಬತ್ತಿ ಹೊಸೆದಳು. "ಆ ವರ್ಷ ಬಂತಪ್ಪಾ" ಎಂದಳು.

"ಕೊಟ್ಟು ಹೋದರೋ, ನಾವು ತಂದೆವೋ?"

"ಬಂತು."

ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಉತ್ತರ. ನಾನು ವ್ಯಾಕರಣ ಪಾಠ ಹೇಳುವವನು. ಕೊಡುವುದಕ್ಕೆ ಒಬ್ಬ ಕೊಡುವವನು ಬೇಕು, ತರುವುದಕ್ಕೆ ಒಬ್ಬ ತರುವವನು ಬೇಕು; ಬರುವುದಕ್ಕೆ ಯಾರೂ ಬೇಡ. ಮಳೆ ಬಂತು, ಜ್ವರ ಬಂತು, ಹಂಡೆ ಬಂತು. ಇಪ್ಪತ್ತು ವರ್ಷ ತರಗತಿಯಲ್ಲಿ ಸಕರ್ಮಕ ಅಕರ್ಮಕಗಳ ಭೇದವನ್ನು ಹೇಳಿದ್ದೇನೆ. ಅದರಿಂದ ಒಂದು ಮನೆತನ ಬದುಕಿಕೊಳ್ಳಬಹುದೆಂದು ನನಗೆ ಹೊಳೆದಿರಲಿಲ್ಲ.

ಹಂಡೆಯ ತಳ ಸೋರುತ್ತಿತ್ತು. ಬೆಸುಗೆ ಹಾಕಿಸುವ ನೆವದಿಂದ ಅದನ್ನು ಬೀದರಿಗೆ ತಂದೆ. ಉರ್ದು ಕಲಿಸುವ ಗೆಳೆಯರೊಬ್ಬರನ್ನು ಮನೆಗೆ ಕರೆದೆ. ಅವರು ಮೊಣಕಾಲೂರಿ ಕುಳಿತು, ಕನ್ನಡಕ ಸರಿಮಾಡಿಕೊಂಡು, ಬೆರಳಿನಿಂದ ಅಕ್ಷರಗಳನ್ನು ಸವರುತ್ತ ಓದಿದರು. ಒಬ್ಬ ಮನುಷ್ಯನ ಹೆಸರು, ಅವನ ತಂದೆಯ ಹೆಸರು, ನಮ್ಮ ಊರಿನ ಹೆಸರು, ಫಸಲಿ 1351. ನಮ್ಮ ಲೆಕ್ಕದಲ್ಲಿ 1941–42. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅವನಿಗೂ ಮೊಮ್ಮಕ್ಕಳು ಇರಬಹುದು. ಗೆಳೆಯರು ಎದ್ದು ಕೈ ಒರೆಸಿಕೊಂಡರು. ಬಹಳ ಹೊತ್ತಿನ ಮೇಲೆ, "ನಮ್ಮ ಮನೀಯೊಳಗೂ ಆ ವರ್ಷದ ಮಾತು ಆಡೂದಿಲ್ರಿ ಸರ್. ನಮ್ಮ ದಾದಾನ ಊರು ಯಾವುದಂತ ಗೊತ್ತು. ಒಮ್ಮೆಯೂ ಹೋಗಿಲ್ಲ" ಎಂದರು. ಆಮೇಲೆ ಚಹಾ ಕುಡಿದೆವು.

ಆ ಲಿಪಿಯನ್ನು ನಾನು ಓದಲಾರೆ, ಆದರೆ ಮುತ್ಯಾ ಓದಬಲ್ಲವನಾಗಿದ್ದ ಎಂಬುದನ್ನು ಮರೆಯುವ ಹಾಗಿಲ್ಲ. 1948ರಲ್ಲಿ ಅವನಿಗೆ ಇಪ್ಪತ್ತಮೂರು. ಅಲ್ಲಿಂದ ಐವತ್ತು ವರ್ಷ, ಪ್ರತಿ ಬೆಳಿಗ್ಗೆ, ಆ ಹೆಸರಿನ ಎದುರಿಗೆ ಕುಳಿತು ಅವನು ಸ್ನಾನ ಮಾಡಿದ. ಒಂದು ದಿನವೂ ಅದನ್ನು ಅರದಿಂದ ಉಜ್ಜಿ ಅಳಿಸಲಿಲ್ಲ. ಯಾಕೆ? ಯಾರೋ ಒಪ್ಪಿಸಿಹೋದ ಒತ್ತೆಯೆಂದು ಕಾಯ್ದುಕೊಂಡನೆ? ತಂದದ್ದರ ಪಾಪವನ್ನು ದಿನವೂ ಓದಿಕೊಂಡನೆ? ಅಥವಾ ಅಕ್ಷರ ಅಳಿಸಿದರೆ ತಾಮ್ರ ತೆಳುವಾಗುತ್ತದೆಂಬ ರೈತನ ಲೆಕ್ಕವೆ? ಮೂರನೆಯದನ್ನು ತಳ್ಳಿಹಾಕಲಾರೆ, ಮುತ್ಯಾ ಅಂಥವನೇ ಆಗಿದ್ದ.

ಇನ್ನೊಂದು ಸಂಗತಿ. ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ, ಅಂದರೆ 1951–52ರಲ್ಲಿ, ಬೀದರದಿಂದ ಲೋಕಸಭೆಗೆ ಹೋದವರು ಯಾರು ಗೊತ್ತೆ? ಭಾಲ್ಕಿಯ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಪಟ್ಟಿ ನೋಡಿಯೇ ತಿಳಿದದ್ದು. ಶೌಕತುಲ್ಲಾ ಶಾ ಅನ್ಸಾರಿ. ಉತ್ತರ ಭಾರತದವರು, ಕಾಂಗ್ರೆಸ್ಸಿನವರು, ಪಾಕಿಸ್ತಾನದ ಬೇಡಿಕೆಯನ್ನು ವಿರೋಧಿಸಿ 1940ರ ದಶಕದಲ್ಲಿಯೇ ಪುಸ್ತಕ ಬರೆದವರು, ಮುಂದೆ ಒರಿಸ್ಸಾದ ರಾಜ್ಯಪಾಲರಾದವರು. ಗೋರಟಾ ಆಗಿ ನಾಲ್ಕು ವರ್ಷ ತುಂಬಿರಲಿಲ್ಲ. ಆ ಸೆಪ್ಟೆಂಬರ್ ಆಗಿ ಅಷ್ಟೂ ಆಗಿರಲಿಲ್ಲ. ಬೂದಿ ಇನ್ನೂ ಬೆಚ್ಚಗಿರುವಾಗ ಈ ಜಿಲ್ಲೆಯ ಜನ, ಬಹುಪಾಲು ಹಿಂದೂಗಳು, ಒಬ್ಬ ಮುಸಲ್ಮಾನನನ್ನು ಆರಿಸಿ ದಿಲ್ಲಿಗೆ ಕಳುಹಿಸಿದರು.

ಇದನ್ನು ಹಿಗ್ಗಿಸಿ ಹೇಳಬಾರದು. ಆಗ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ. ಜೋಡೆತ್ತಿನ ಪೆಟ್ಟಿಗೆಗೆ ಚೀಟಿ ಹಾಕಿದವನಿಗೆ ಎತ್ತು ಕಂಡಿತೇ ಹೊರತು ಅನ್ಸಾರಿ ಕಂಡಿರಲಿಕ್ಕಿಲ್ಲ. ಅದು ಕ್ಷಮೆಯೂ ಅಲ್ಲ, ಔದಾರ್ಯವೂ ಅಲ್ಲ, ಬರಿಯ ಎತ್ತು ಎಂದು ವಾದಿಸಬಹುದು. ಆದರೂ ಹೆಸರು ಗೊತ್ತಿದ್ದವರೂ ಇದ್ದರಷ್ಟೆ. ಅದನ್ನು ಮುಂದೆ ಮಾಡಿ ಊರೂರಿಗೆ ಬೆಂಕಿ ಹಚ್ಚಲು ಆಗ ಅಡ್ಡಿಯೇನಿತ್ತು? ಹಚ್ಚಿದ್ದರೂ ಹತ್ತಲಿಲ್ಲ. ನಮ್ಮ ಜಿಲ್ಲೆಯ ರಾಜಕಾರಣ ಆಮೇಲೆಯೂ ಸರಳರೇಖೆಯಲ್ಲಿ ನಡೆದದ್ದಲ್ಲ. 1962, 1967ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ರಾಮಚಂದ್ರ ವೀರಪ್ಪನವರನ್ನೇ 1991ರಿಂದ ಮುಂದೆ ಭಾರತೀಯ ಜನತಾ ಪಕ್ಷದಿಂದ ಮತ್ತೆ ಮತ್ತೆ ಕಳುಹಿಸಿದೆವು. 1977ರಲ್ಲಿ ಉತ್ತರವೆಲ್ಲ ಇಂದಿರಾ ಗಾಂಧಿಯವರ ಪಕ್ಷವನ್ನು ಕಿತ್ತೊಗೆದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಅದಕ್ಕೇ ಕೊಟ್ಟಿತು. ಬೀದರವೂ ಅದರಲ್ಲಿ ಒಂದು. ಈ ಸಲದ ಚುನಾವಣೆಯಂಥ ಬಿರುಕು ಹಿಂದೆಂದೂ ಇರಲಿಲ್ಲ ಎನ್ನುವವರು ತಮ್ಮ ತಂದೆಯರನ್ನು ಒಮ್ಮೆ ಕೇಳಬೇಕು.

ಈಗ ಅಣ್ಣತಮ್ಮಂದಿರ ಪ್ರಶ್ನೆಗೆ ಬರೋಣ. ನೆನೆಯಬೇಕೋ, ಮರೆಯಬೇಕೋ? ಪ್ರಶ್ನೆಯನ್ನು ಹೀಗೆ ಹಾಕಿದ್ದೇ ತಪ್ಪೆಂದು ಈಗ ನನಗೆ ತೋರುತ್ತದೆ. ಗೋರಟಾದಲ್ಲಿ ತಂದೆಯನ್ನು ಕಳೆದುಕೊಂಡವನು "ನಾನು ಮರೆತೆ" ಎಂದರೆ ಅದು ಅವನ ದೊಡ್ಡತನ. ಹಂಡೆ ಬಿಟ್ಟು ಓಡಿಹೋದವನ ಮಗ "ಹೋಗಲಿ" ಎಂದರೆ ಅದೂ ದೊಡ್ಡತನ. ಆದರೆ ಹಂಡೆಯನ್ನು ಇಟ್ಟುಕೊಂಡ ನಾನು "ಮರೆತುಬಿಡೋಣ" ಎಂದರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು? ಸಣ್ಣವನ ಶಾಂತಿಯ ಮಾತಿನಲ್ಲಿ ಈ ತೊಡಕಿದೆ. ಅವನು ಒಳ್ಳೆಯವನು, ಅದಕ್ಕೇ ಅವನಿಗೆ ಕಾಣುವುದಿಲ್ಲ. ದೊಡ್ಡವನದು ಬೇರೆ ತೊಡಕು. ಅವನ ನೆನಪು ಮೇ ತಿಂಗಳಲ್ಲಿ ಶುರುವಾಗಿ ಸೆಪ್ಟೆಂಬರ್ 17ಕ್ಕೆ ನಿಂತುಬಿಡುತ್ತದೆ. ಸತ್ತವರ ಮೇಲಿನ ಗೌರವ ಎಂದರೆ ಅವನಿಗೆ ಬದುಕಿರುವವರ ಮೇಲಿನ ಸಿಟ್ಟು; ಅದೂ ಐದು ವರ್ಷಕ್ಕೊಮ್ಮೆ ಬರುವ ಸಿಟ್ಟು. ಗೋರಟಾ ಭಾಲ್ಕಿಯಿಂದ ಎಷ್ಟು ದೂರ? ಅವನು ಒಮ್ಮೆಯೂ ಅಲ್ಲಿಗೆ ಹೋದವನಲ್ಲ. ಈ ಮಾತು ನನಗೂ ಸಲ್ಲುತ್ತದೆ, ನಾನೂ ಹೋಗಿಲ್ಲ.

ಹೋದ ವಾರ ದೊಡ್ಡವನು ಫೋನ್ ಮಾಡಿದ. ಬರುವ ತಿಂಗಳು ಅವನ ಮಗಳ ಮದುವೆ. "ಹಂಡೆ ನಿನ್ನ ಬಲ್ಲಿ ಅದಂತಲ್ಲ. ಬೆಸುಗಿ ಆಗ್ಯಾದೇನು? ಅರಿಷಿಣದ ದಿನಕ್ಕ ಬೇಕು" ಎಂದ. ಆಗಿದೆ ಎಂದೆ. ಅದರ ಮೇಲೆ ಬರೆದದ್ದನ್ನು ಓದಿಸಿದ್ದೇನೆ ಎಂದೂ ಹೇಳಿದೆ. ಯಾರ ಹೆಸರು ಎಂದು ಅವನು ಕೇಳಲಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ದನಿಯೇ ಇಲ್ಲ. ಅವನ ಅಂಗಳದಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಮಾತ್ರ ಕೇಳುತ್ತಿತ್ತು.

"ತೊಗೊಂಡ್ ಬಾ ತಮ್ಮಾ" ಎಂದ ಕೊನೆಗೆ. "ಬಂದ ಮ್ಯಾಲೆ ಅವನ್ನೂ ಕರೀತೀನಿ. ಇಬ್ಬರ ಮುಂದೂ ಹೇಳು."

ಹಂಡೆ ಈಗ ನಮ್ಮ ಪಡಸಾಲೆಯಲ್ಲಿದೆ. ಭಾಲ್ಕಿಗೆ ಒಯ್ಯಲು ಗಾಡಿ ಗೊತ್ತುಮಾಡಬೇಕು.